ಮಂಗಳವಾರದ ಆಚೆ

ಸಿರುಗುಪ್ಪದ ಬಸ್ಸು ಕಣ್ಣೆದುರೇ ನಿಂತಿದ್ದರೂ ಯಶೋಧರಾ ಕುರುಗೋಡಿನ ಬಸ್ಸು ಹತ್ತಿದಳು. ಸಿರುಗುಪ್ಪದ ಕಾಲೇಜಿಗೆ ರಜೆ ಬರೆದಿರಲಿಲ್ಲ, ಪ್ರಿನ್ಸಿಪಾಲರಿಗೆ ಫೋನು ಮಾಡಿರಲಿಲ್ಲ, ಹನ್ನೊಂದಕ್ಕೆ ಎರಡನೇ ಪಿಯು ವಿಜ್ಞಾನದ ಮಕ್ಕಳು ಖಾಲಿ ಕುರ್ಚಿಯ ಮುಂದೆ ಗದ್ದಲ ಮಾಡುತ್ತಾರೆ. ಬಳ್ಳಾರಿಯ ಬಿಸಿಲು ಒಂಬತ್ತಕ್ಕೇ ಬಸ್ಸಿನ ತಗಡನ್ನು ಕಾಯಿಸಿತ್ತು. ಪಕ್ಕದಲ್ಲಿ ಕೂತ ಹೆಂಗಸು ತನ್ನ ಬುಟ್ಟಿಯನ್ನು ಇವಳ ಕಾಲ ಮೇಲೆ ಒರಗಿಸಿದ್ದಳು; ಸರಿಸಿರಿ ಎನ್ನುವ ಧೈರ್ಯವೂ ಆಗ ಇವಳಿಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ನಂದಿನಿ ಫೋನು ಮಾಡಿದ್ದಳು. ಇವಳ ಭೌತಶಾಸ್ತ್ರದ ತರಗತಿಯಲ್ಲಿ ಅಕ್ಷತಾಳ ಪಕ್ಕ ಕೂರುವ ಹುಡುಗಿ, ಯಾವತ್ತೂ ಫೋನು ಮಾಡಿದವಳಲ್ಲ. "ಮೇಡಮ್ರಿ, ಇವತ್ತು ಅಕ್ಷತಾನ ನಿಶ್ಚಯ ಐತ್ರಿ, ಕುರುಗೋಡಾಗ, ಅವರ ಸೋದರಮಾವನ ಮನ್ಯಾಗ. ಆಕೀನ ಹ್ಞೂಂ ಅಂದಾಳ್ರಿ. ಮಂಗಳವಾರದ ಮ್ಯಾಲ ಹೆಂಗಿದ್ರೂ ಏನೂ ಇರಂಗಿಲ್ಲ, ಅವ್ವ ಆದ್ರೂ ಎರಡು ದಿನ ಖುಷಿಯಾಗಿರ್ಲಿ ಅಂದ್ಲು. ನೀವು ಹೇಳಿದ್ದೆಲ್ಲಾ ಆಕಿ ನೋಟ್ಸಿನ್ಯಾಗ ಬರಕೊಂಡಾಳ್ರಿ." ಇವತ್ತು ಮಂಗಳವಾರ. ಜುಲೈ ಐದು.

ನೀವು ಹೇಳಿದ್ದೆಲ್ಲಾ. ಏನು ಹೇಳಿದ್ದೆ? ಹತ್ತು ದಿನದ ಹಿಂದಿನ ಶನಿವಾರ, ಕೊನೆಯ ಪಿರಿಯಡ್ಡು, ಹಸಿದ ಮಕ್ಕಳು, ಬೋರ್ಡಿನ ಮೇಲೆ ಕೂಲಂಬನ ನಿಯಮ. ಅಕ್ಷತಾ ಎದ್ದು ನಿಂತಿದ್ದಳು. ಸಿರಿಗೇರಿಯಿಂದ ದಿನಾ ಬರುವ, ಬಿಗಿಯಾಗಿ ಎರಡು ಜಡೆ ಹಾಕುವ, ಪ್ರಶ್ನೆ ಕೇಳುವ ಮೊದಲು ನುಂಗಿಕೊಳ್ಳುವ ಹುಡುಗಿ. ಜಿನೀವಾದ ಹತ್ತಿರ ನೆಲದೊಳಗೆ ಇಪ್ಪತ್ತೇಳು ಕಿಲೋಮೀಟರಿನ ಉಂಗುರದಂಥ ಯಂತ್ರ ಐತಂತೆ, ಅದರಲ್ಲಿ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರಂತೆ, ಐದನೇ ತಾರೀಖು ಹಿಂದೆಂದೂ ಇಲ್ಲದ ಜೋರಿನಲ್ಲಿ ಓಡಿಸುತ್ತಾರಂತೆ, ಅದರಿಂದ ಬ್ಲ್ಯಾಕ್ ಹೋಲ್ ಹುಟ್ಟಿ ಭೂಮಿಯನ್ನೇ ನುಂಗುತ್ತದೆಂದು ಮೊಬೈಲಿನಲ್ಲಿ ಬಂದಿದೆ, ಖರೇನಾ ಎಂದು ಕೇಳಿದ್ದಳು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಒಂದು ಪದ. ಆದರೆ ಆ ಹೊತ್ತಿಗೆ ಇಡೀ ತರಗತಿ ಒಮ್ಮೆಲೆ ಸುಮ್ಮನಾಗಿತ್ತು. ಹನ್ನೊಂದು ವರ್ಷದ ಕೆಲಸದಲ್ಲಿ ಅಂಥ ಮೌನ ಅವಳಿಗೆ ಸಿಕ್ಕಿರಲಿಲ್ಲ. ಕಿಟಕಿಯ ಪಕ್ಕದವರು ಕೂಡ ಇತ್ತ ನೋಡುತ್ತಿದ್ದರು. ಅವಳು ಸೀಮೆಸುಣ್ಣ ಇಟ್ಟು ಮೇಜಿಗೆ ಒರಗಿ ನಿಂತಳು. ಕೆಲವು ಸಿದ್ಧಾಂತಗಳ ಪ್ರಕಾರ, ನಮಗೆ ಕಾಣುವ ಮೂರು ಆಯಾಮಗಳಲ್ಲದೆ ಬೇರೆ ಆಯಾಮಗಳೂ ಇದ್ದ ಪಕ್ಷಕ್ಕೆ, ಆ ಡಿಕ್ಕಿಯಲ್ಲಿ ಅತಿ ಸಣ್ಣ ಕಪ್ಪುರಂಧ್ರ ಹುಟ್ಟಬಹುದು ಎಂದು ಹೇಳಿದಳು. ಅದರ ಬಾಯಿ ಹೇಗಿರುತ್ತದೆ, ಅದರಿಂದ ಬೆಳಕು ಕೂಡ ಹೇಗೆ ತಪ್ಪಿಸಿಕೊಳ್ಳಲಾರದು ಎಂದು ವರ್ಣಿಸಿದಳು. ದನಿ ತಾನಾಗಿ ತಗ್ಗಿತ್ತು. ಆಗುವುದೇ ಇಲ್ಲ ಅಂತ ಯಾವ ವಿಜ್ಞಾನಿಯೂ ಬರೆದು ಕೊಡುವುದಿಲ್ಲ, ವಿಜ್ಞಾನದಲ್ಲಿ ಸಾಧ್ಯತೆ ಸೊನ್ನೆ ಅನ್ನುವ ಮಾತೇ ಇಲ್ಲ ಎಂದಳು. ಹೇಳುತ್ತ ಮಕ್ಕಳ ಮುಖ ನೋಡುತ್ತಿದ್ದಳು. ಮುಂದಿನ ಬೆಂಚಿನವಳೊಬ್ಬಳ ತುಟಿ ಒಣಗಿತ್ತು. ಗಂಟೆ ಹೊಡೆಯಿತು. ಉಳಿದದ್ದು ಸೋಮವಾರ, ಎಂದು ಪುಸ್ತಕ ಎತ್ತಿಕೊಂಡು ಹೊರಬಂದಳು. ಸಿರುಗುಪ್ಪದಿಂದ ಬಳ್ಳಾರಿಯವರೆಗೂ ಅವತ್ತು ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೊಟ್ರಬಸಪ್ಪ ಕಾದಿದ್ದ. ರಸಾಯನಶಾಸ್ತ್ರದ ಹಿರಿಯ ಉಪನ್ಯಾಸಕ, ಕುರುಗೋಡಿನವನು, ಅಕ್ಷತಾಳ ತಾಯಿಯ ಅಣ್ಣ. ಗದರಿಸುವವನಲ್ಲ, ಎಲ್ಲರೆದುರು ನಗುತ್ತ ಮಾತಾಡುವವನು. ಏನು ಮೇಡಂ, ಸಿಲಬಸ್ ಮುಗಿಸ್ತೀರೋ ಭೂಮಿ ಮುಗಿಸ್ತೀರೋ ಎಂದು ಕೇಳಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಅವನು, ಬೇರೆ ಯಾರಿಗೋ ಹೇಳುವಂತೆ, ಕೆಲವರಿಗೆ ಸೀಟು ಸಲೀಸಾಗಿ ಸಿಕ್ಕಿರುತ್ತದೆ, ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತು ಅಂತ ತೋರಿಸೋ ಚಟ ಇರುತ್ತದೆ ಎಂದ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಯಾವ ಜಾತಿಯ ಸೀಟು ಎಂದು ಅವನು ಹೇಳಬೇಕಾಗಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ವಾರದಲ್ಲೇ, ಹುಟ್ಟೂರು ತಿಳಿದುಕೊಂಡು, ಹಲಕುಂದಿಯಲ್ಲಿ ನಿಮ್ಮ ಮನೆ ಯಾವ ಓಣಿ ಮೇಡಂ ಎಂದು ಅವನು ಕೇಳಿದ್ದ. ಹೆಸರು ಯಶೋಧರಾ ಅಂದಾಗಲೇ ಅವನಿಗೆ ಅರ್ಧ ತಿಳಿದಿತ್ತು, ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ ಎಂದಾಗ ಪೂರ್ತಿ ತಿಳಿಯಿತು. ಆ ಸೋಮವಾರ ತರಗತಿಗೆ ಹೋದವಳು ನೆಟ್ಟಗೆ ಕೂಲಂಬನ ನಿಯಮಕ್ಕೆ ಹೋದಳು. ಅಕ್ಷತಾ ಪೆನ್ನು ಬಿಚ್ಚಿ ಹಿಡಿದು, ಶನಿವಾರದ ಪುಟವನ್ನೇ ತೆರೆದು ಕೂತಿದ್ದಳು. ಅದು ಕಂಡಿತ್ತು. ಕಂಡಿರಲಿಲ್ಲ ಎಂದು ಈ ಎಂಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು, ಅಷ್ಟೆ. ಬುಧವಾರದಿಂದ ಆ ಜಾಗ ಖಾಲಿಯಾಯಿತು. ಜ್ವರ ಇರಬೇಕು ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಗೀಟು ಎಳೆಯುತ್ತ ಬಂದಳು.

ಕೋಳೂರು ದಾಟಿದ ಮೇಲೆ ಗಾಳಿ ಬಂತು. ಬಯಲಿನಾಚೆ ಬಂಡೆಯ ಗುಡ್ಡಗಳು ಎದ್ದವು. ಹನ್ನೊಂದು ವರ್ಷದವಳಿದ್ದಾಗ ಗ್ರಹಣ ಹಿಡಿದಿತ್ತು. ಹಲಕುಂದಿಯ ಮನೆಗಳೆಲ್ಲ ಬೆಳಿಗ್ಗೆಯೇ ಬಾಗಿಲು ಹಾಕಿಕೊಂಡಿದ್ದವು. ಸೂರ್ಯ ಹೊಳ್ಳಿ ಬರಲಿಕ್ಕಿಲ್ಲ ಎಂದು ಯಾರೋ ಹಿರಿಯರು ತಮಾಷೆಗೆ ಹೇಳಿದ್ದು ಕಿವಿಗೆ ಬಿದ್ದು, ಅವಳು ಹೊರಸಿನ ಕೆಳಗೆ ಹೊಕ್ಕು, ಮೊಣಕಾಲನ್ನು ಕಚ್ಚಿ ಹಿಡಿದಿದ್ದಳು. ಹಲ್ಲಿನ ಗುರುತು ಎರಡು ದಿನ ಇತ್ತು. ಅವ್ವ ಸುಂಕಲಮ್ಮ ಮಾತ್ರ ಕುಡುಗೋಲು ಹಿಡಿದು ಕಳೆ ಕೀಳಲು ಹೋಗಿದ್ದಳು, ಕೂಲಿ ತಪ್ಪಿದರೆ ಸೂರ್ಯ ಬಂದು ಏನು ಮಾಡಬೇಕು ಎಂದು. ಅಂಜಿಕೆ ಎಲ್ಲಿ ಕೂರುತ್ತದೆ, ಬೆನ್ನಿನ ಯಾವ ಎಲುಬಿನಲ್ಲಿ, ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ಮಕ್ಕಳಿಗೆ ಅದನ್ನು ಹಂಚಿ, ಅವರ ಒಣಗಿದ ತುಟಿ ನೋಡಿ ಬೀಗಿದ್ದಳು. ಪಕ್ಕದ ಹೆಂಗಸು ಬುಟ್ಟಿ ಎತ್ತಿಕೊಂಡು ಇಳಿಯಲು ಎದ್ದಳು. ಯಾಕವ್ವಾ, ಮೈಯಾಗ ಆರಾಮಿಲ್ಲೇನು ಎಂದು ಕೇಳಿದಳು. ಆರಾಮದೀನಿ ಎಂದಳು ಯಶೋಧರಾ.

ಕೊಟ್ರಬಸಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಮಾವಿನೆಲೆ, ಓಣಿಯಲ್ಲಿ ಹತ್ತಾರು ಚಪ್ಪಲಿ. ಅವನೇ ಎದುರು ಬಂದ. ರೇಷ್ಮೆ ಅಂಚಿನ ಪಂಚೆಯಲ್ಲಿ ಬೇರೆ ಯಾರೋ ಎಂಬಂತೆ ಕಂಡ. ಒಂದು ಗಳಿಗೆ ಅವನ ನಗು ತಡವರಿಸಿತು, ಆಮೇಲೆ ಬರ್ರಿ ಮೇಡಂ ಎಂದ. ಕರೆಯದೆ ಬಂದವಳು ಏನು ಹೇಳಬೇಕು? ಅಕ್ಷತಾಳನ್ನು ನೋಡಿ ಹೋಗಲು ಬಂದೆ ಎಂದಳು. ಪಡಸಾಲೆಯ ಒಳಗೆ ಜಮಖಾನೆ ಹಾಸಿ ಗಂಡಸರು ಕೂತಿದ್ದರು. ಇವಳಿಗೆ ಹೊರಗಿನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಒಳಗೆ ಸ್ಟೀಲಿನ ಲೋಟಗಳಲ್ಲಿ ಚಹಾ ಹೋಗುತ್ತಿತ್ತು. ಇವಳಿಗೆ ಕಾಗದದ ಕಪ್ಪಿನಲ್ಲಿ ಬಂತು. ಅಕ್ಷತಾಳ ತಾಯಿ ಚನ್ನಬಸಮ್ಮ ಕಪ್ಪನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ತಪ್ಪು ತಿಳ್ಕೋಬ್ಯಾಡ್ರಿ, ಲೋಟ ಸಾಲದಾಗ್ಯಾವು ಎಂದಳು. ಯಶೋಧರಾ ಕುಡಿದಳು. ತುಂಬಾ ಬಿಸಿ ಇತ್ತು, ಆದರೂ ಬೇಗ ಬೇಗ ಕುಡಿದಳು. ಈ ಕಪ್ಪಿಗಾಗಿ ಎದ್ದು ಹೋಗಬಹುದಿತ್ತು; ಹೋಗಲು ಇದಕ್ಕಿಂತ ಗೌರವದ ಕಾರಣ ಸಿಗುತ್ತಿರಲಿಲ್ಲ. ಹಾಗೆ ಅನಿಸಿದ್ದಕ್ಕೇ ನಾಚಿಕೆಯಾಗಿ ಕೂತಲ್ಲೇ ಗಟ್ಟಿಯಾದಳು. ಕೊಟ್ರಬಸಪ್ಪ ವಿವರಿಸುತ್ತಿದ್ದ: ಗಂಡು ತನ್ನ ಮಗ ವಿರೂಪಾಕ್ಷಿ, ಅವನಿಗೆ ಬೀಜ-ಗೊಬ್ಬರದ ಅಂಗಡಿ, ಹುಡುಗಿ ಬೇರೆ ಮನೆಯವಳೇನಲ್ಲ, ವರ್ಷದಿಂದ ಓದಬೇಕು ಅಂತ ಹಠ ಹಿಡಿದಿದ್ದಳು, ಈಗ ತಾನಾಗಿ ಒಪ್ಪಿದ್ದಾಳೆ, ಸದ್ಯಕ್ಕೆ ಬರೇ ಮಾತು, ಮದುವೆ ಅವಳಿಗೆ ಹದಿನೆಂಟು ತುಂಬಿದ ಮೇಲೆ. ತಾನಾಗಿ ಎಂಬ ಪದವನ್ನು ಅವನು ಎರಡು ಸಲ ಹೇಳಿದ. ಅವಳು ಎದ್ದು, ಐದು ನಿಮಿಷ ಅಕ್ಷತಾಳ ಕೂಡ ಮಾತಾಡಬೇಕು ಎಂದಳು. ಪಡಸಾಲೆಯ ಕಣ್ಣುಗಳ ಮುಂದೆ ಬೇಡ ಎನ್ನಲು ಅವನಿಗೂ ಆಗಲಿಲ್ಲ.

ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ಹಸಿರು ಸೀರೆ ಉಟ್ಟು ಅಕ್ಷತಾ ಕೂತಿದ್ದಳು. ಎರಡು ಜಡೆ ಒಂದಾಗಿ, ಮಲ್ಲಿಗೆಯ ಭಾರಕ್ಕೆ ತಲೆ ಹಿಂದಕ್ಕೆ ವಾಲಿತ್ತು. ಅಳುತ್ತಿರಬಹುದೆಂದು ಯಶೋಧರಾ ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಹುಡುಗಿ ಅಳುತ್ತಿರಲಿಲ್ಲ. ಅವಳ ಮುಖದಲ್ಲಿ ಒಂದು ಸಮಾಧಾನವಿತ್ತು, ಎಲ್ಲ ಕೆಲಸ ಮುಗಿಸಿ ಕಾಲು ಚಾಚಿ ಕೂತ ಮುದುಕಿಯರ ಸಮಾಧಾನ. ನೀವು ಬಂದ್ರೆಲ್ಲ, ಚೊಲೊ ಆತ್ರಿ ಎಂದಳು ಅಕ್ಷತಾ. ಬೀಳ್ಕೊಡುವವಳಂತೆ ನಕ್ಕಳು. ಸಂಜೆಗೆ ಅಂತ್ರಿ ಅದು ಶುರುವಾಗೋದು ಎಂದು ದನಿ ತಗ್ಗಿಸಿದಳು. ಒಳಮನೆಯ ಹೆಂಗಸರಿಗೆ ಕೇಳಿ ಅವರು ಅಂಜಬಾರದೆಂದು.

"ಆಗಂಗಿಲ್ಲ, ಅಕ್ಷತಾ. ಏನೂ ಆಗಂಗಿಲ್ಲ."

"ನೀವ ಹೇಳಿದ್ರೆಲ್ರಿ. ಆಗಂಗೇ ಇಲ್ಲ ಅಂತ ಯಾರೂ ಬರದು ಕೊಡಂಗಿಲ್ಲ ಅಂತ."

"ಹೇಳಿದ್ದೆ. ಅದರ ಮುಂದಿಂದು ಹೇಳಲಿಲ್ಲ."

ಚೀಲದ ಮೇಲೆ ಕೂತು ಅವಳು ಮುಂದಿನದನ್ನು ಹೇಳಿದಳು. ಆ ಯಂತ್ರದಲ್ಲಿ ಎರಡು ಪ್ರೋಟಾನು ಡಿಕ್ಕಿ ಹೊಡೆಯುವ ಜೋರು ಅಂದರೆ ಹಾರುವ ಹತ್ತು-ಹನ್ನೆರಡು ಸೊಳ್ಳೆಗಳ ಜೋರು. ಅಷ್ಟನ್ನು ಪ್ರೋಟಾನಿನಷ್ಟು ಸಣ್ಣದರೊಳಗೆ ತುಂಬುವುದೇ ಅಲ್ಲಿಯ ಕಸುಬು. ಅದಕ್ಕಿಂತ ಎಷ್ಟೋ ಪಟ್ಟು ಜೋರಿನ ಕಣಗಳು ಆಕಾಶದಿಂದ ಭೂಮಿಗೆ ಬಂದು ಬಡಿಯುತ್ತಲೇ ಇವೆ, ಮನುಷ್ಯ ಹುಟ್ಟುವ ಮೊದಲಿನಿಂದ, ಈಗ ನಾವು ಮಾತಾಡುವ ಈ ಹೊತ್ತಿನಲ್ಲೂ. ಚಂದ್ರನಿಗೂ ಬಡಿಯುತ್ತವೆ, ಚುಕ್ಕೆಗಳಿಗೂ ಬಡಿಯುತ್ತವೆ. ಅಂಥ ಡಿಕ್ಕಿಯಿಂದ ನುಂಗುವ ಬಾಯಿ ಹುಟ್ಟುವಂತಿದ್ದರೆ ಚಂದ್ರ ಇರುತ್ತಿರಲಿಲ್ಲ. ಒಂದು ವೇಳೆ ಅಂಥ ಕಪ್ಪುರಂಧ್ರ ಹುಟ್ಟಿದರೂ, ಲೆಕ್ಕದ ಪ್ರಕಾರ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಆವಿಯಾಗಿ ಹೋಗುತ್ತದೆ. ಆ ಯಂತ್ರ ಹತ್ತು ವರ್ಷಕ್ಕೂ ಮಿಕ್ಕಿ ಓಡಿದೆ. ವಿಜ್ಞಾನಿಗಳು ಅಂಥ ರಂಧ್ರಗಳನ್ನು ಹುಡುಕಿದ್ದಾರೆ, ಒಂದೂ ಸಿಕ್ಕಿಲ್ಲ. ಬರದು ಕೊಡಂಗಿಲ್ಲ ಅಂತ ನಾ ಹೇಳಿದ್ದು ತಪ್ಪು, ಇದನ್ನೇ ಕೂತು ಪರೀಕ್ಷೆ ಮಾಡಿ, ಅಂಜುವ ಕಾರಣವಿಲ್ಲ ಅಂತ ಬರೆದೇ ಕೊಟ್ಟಿದ್ದಾರೆ. ಇಷ್ಟು ಹೇಳಲು ಏಳೆಂಟು ನಿಮಿಷ ಹಿಡಿಯಿತು. ಸೋಮವಾರ ಕೂಲಂಬನ ನಿಯಮಕ್ಕೆ ನಲವತ್ತೈದು ನಿಮಿಷವಿತ್ತು.

ಹೊರಗೆ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದರು.

"ಇದನ್ನ ಸೋಮವಾರ ಯಾಕ ಹೇಳಲಿಲ್ರಿ?"

ನಿಮ್ಮ ಮಾವ ಎನ್ನಬಹುದಿತ್ತು. ಸಿಲಬಸ್ ಎನ್ನಬಹುದಿತ್ತು. ಎರಡೂ ಸುಳ್ಳಲ್ಲ. ನಾಲಿಗೆಯ ತುದಿಗೆ ಬಂದವು ಕೂಡ. "ಅಂಜಿದೆ," ಎಂದಳು ಯಶೋಧರಾ. "ನಕ್ಕಾರು ಅಂತ ಅಂಜಿದೆ. ಶನಿವಾರ ನೀವೆಲ್ಲ ಉಸಿರು ಹಿಡದು ಕುಂತಿದ್ದು ನೋಡಿ ನನಗ ಹಿಗ್ಗು ಆಗಿತ್ತು. ನಿಮ್ಮನ್ನ ಅಂಜಿಸಿ ನಾ ದೊಡ್ಡಾಕಿ ಆದೆ. ನನ್ನ ತಪ್ಪು ಅದು."

ಹುಡುಗಿ ತಲೆ ಎತ್ತಿ ನೋಡಿದಳು. ಆ ಸಮಾಧಾನ ಎಲ್ಲಿಂದಲೋ ಬಿರುಕು ಬಿಡತೊಡಗಿತು.

"ಹಂಗಾರ ನಾಳಿ ಇರತೈತೇನ್ರಿ?"

"ಇರತೈತಿ."

"ನಾಡದು?"

"ಅದೂ ಇರತೈತಿ."

ಆಗ ಅವಳು ಪಕ್ಕದ ಚೀಲವನ್ನು ಹಿಡಿದುಕೊಂಡಳು, ಹಸಿರು ಬಳೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಬದುಕಿ ಉಳಿದ ಸಂತೋಷ ಆ ಮುಖದಲ್ಲಿ ಬರಲಿಲ್ಲ. ಮೊದಲ ಸಲ ಅಂಜಿಕೆ ಬಂತು. ಎರಡು ದಿನಕ್ಕೆಂದು ಹ್ಞೂಂ ಅಂದಿದ್ದಳು. ಆ ಹ್ಞೂಂ ಈಗ ನಾಳೆಗೆ, ನಾಡಿದ್ದಿಗೆ, ನಲವತ್ತು-ಐವತ್ತು ವರ್ಷಕ್ಕೆ ಚಾಚಿಕೊಂಡು ಎದುರು ನಿಂತಿತ್ತು. ಯಶೋಧರಾ ಅವಳ ಕೈ ಹಿಡಿಯಲು ಹೋದಳು. ಅಕ್ಷತಾ ಕೈ ಎಳೆದುಕೊಂಡಳು. ಎದ್ದು, ಸೀರೆಯ ನೆರಿಗೆ ಕಾಲಿಗೆ ತೊಡರದಂತೆ ಎತ್ತಿ ಹಿಡಿದು, ಕೋಣೆಯಿಂದ ಹೊರಗೆ ನಡೆದಳು.

ಪಡಸಾಲೆಯಲ್ಲಿ ಎಲೆ-ಅಡಿಕೆಯ ತಟ್ಟೆ ಇಟ್ಟಾಗಿತ್ತು. ಶಾಸ್ತ್ರಕ್ಕೆ ಕರೆಯುವ ಮೊದಲೇ ಬಂದ ಹುಡುಗಿಯನ್ನು ನೋಡಿ ಗಂಡಸರು ಮಾತು ನಿಲ್ಲಿಸಿದರು. ಅವಳು ಗೋಡೆಗೆ ಒರಗಿ ಕೂತಿದ್ದ ತಂದೆ ರಾಮಪ್ಪನ ಕಡೆ ಮಾತ್ರ ನೋಡಿದಳು. "ಅಪ್ಪಾ, ನಾ ಒಲ್ಲೆ. ಭೂಮಿ ಮುಗೀತೈತಿ ಅಂತ ತಿಳದು ಹ್ಞೂಂ ಅಂದಿದ್ದೆ. ಮುಗಿಯಂಗಿಲ್ಲಂತ." ಯಾರೋ ಕಿಸಕ್ಕನೆ ನಕ್ಕರು. ಬಾಗಿಲ ಬಳಿ ನಿಂತಿದ್ದ ವಿರೂಪಾಕ್ಷಿ ಕೆಂಪಾಗಿ ಓಣಿಗೆ ಇಳಿದುಹೋದ. ಅವನ ಬಗ್ಗೆ ತಾನು ಒಂದು ಗಳಿಗೆಯೂ ಯೋಚಿಸಿರಲಿಲ್ಲ ಎಂದು ಯಶೋಧರಾಳಿಗೆ ಆಗಲೇ ಹೊಳೆದದ್ದು. ಕೊಟ್ರಬಸಪ್ಪ ದನಿ ಏರಿಸಲಿಲ್ಲ. ಕಾಲೇಜಿನ ಪಾಠ ಕಾಲೇಜಿನ್ಯಾಗ ಇರ್ಲಿ ಮೇಡಂ, ಇದು ಮನಿ ಎಂದ. ಚನ್ನಬಸಮ್ಮ ಮಾತ್ರ ನೇರ ಎದುರಿಗೆ ಬಂದಳು. ಬಹುವಚನ ಬಿಟ್ಟಿದ್ದಳು. ನೀ ಯಾರಾಕಿ, ಎಲ್ಲಿಂದ ಬಂದಿ, ನನ್ನ ಮಗಳ ತಲಿ ಕೆಡಿಸಿದಾಕಿ ನೀನ, ಈಗ ಮನಿ ಕೆಡಿಸಾಕ ಬಂದಿ ಎಂದಳು. ತಲೆ ಕೆಡಿಸಿದಾಕಿ ಎಂಬ ಮಾತು ನಿಜವಾಗಿತ್ತು.

ರಾಮಪ್ಪ ಎದ್ದ. ತೆಳ್ಳಗಿನ ಮನುಷ್ಯ, ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಹೆಂಡತಿಯ ತವರಿನಲ್ಲಿ ಮಾತಾಡಿ ರೂಢಿ ಇರಲಿಲ್ಲವೇನೋ.

"ಮೇಡಮ್ಮಾರ, ಅವತ್ತು ನೀವು ಆಕೀಗೆ ಹೇಳಿದ್ದು ಸುಳ್ಳೇನ್ರಿ?"

ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಶನಿವಾರದಂಥದೇ ಮೌನ. "ಸುಳ್ಳೂ ಇತ್ರಿ. ಖರೇದ್ರಾಗ ಅರ್ಧ ಅಷ್ಟ ಹೇಳಿ ಬಿಟ್ಟಿದ್ದೆ. ಹಂಗ ಬಿಟ್ಟಿದ್ದು ಸುಳ್ಳಿಗಿಂತ ಕೆಟ್ಟ ಆತು. ಇವತ್ತು ಪೂರ್ತಿ ಹೇಳೀನಿ."

ರಾಮಪ್ಪ ಕೊಟ್ರಬಸಪ್ಪನ ಕಡೆ ತಿರುಗಿದ. "ಅಂಜಿ ಕೊಟ್ಟ ಮಾತು ಮಾತಲ್ಲ, ಭಾವಾ. ಅಂಥಾ ಮಾತು ತಗೊಂಡು ನಾಳಿ ನಾವಿಬ್ರೂ ಮಾರಿ ಹೆಂಗ ತೋರಸ್ಬೇಕು? ಇವತ್ತು ಬ್ಯಾಡ." ಇನ್ನೆಂದೂ ಬೇಡ ಎಂದು ಅವನು ಹೇಳಲಿಲ್ಲ. ಚನ್ನಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಯಾರೋ ತಟ್ಟೆಯನ್ನು ಎತ್ತಿ ದೇವರ ಗೂಡಿನ ಬಳಿಗೆ ಒಯ್ದರು. ಅಕ್ಷತಾ ಎಲ್ಲರ ನಡುವೆ, ಆ ಭಾರದ ಮಲ್ಲಿಗೆಯ ಕೆಳಗೆ, ಒಬ್ಬಳೇ ನಿಂತಿದ್ದಳು, ಯಶೋಧರಾಳನ್ನು ನೋಡಲಿಲ್ಲ. ಓಣಿಯ ತಿರುವಿನವರೆಗೆ ಕೊಟ್ರಬಸಪ್ಪ ಹಿಂದೆ ಬಂದು, ಇದನ್ನೆಲ್ಲ ಪ್ರಿನ್ಸಿಪಾಲರಿಗೆ ಬರೆದು ಕೊಡುವುದಾಗಿ ಮೆಲ್ಲಗೆ ಹೇಳಿದ. ಕೊಡ್ರಿ ಎಂದಳು. ಬಸ್‌ಸ್ಟ್ಯಾಂಡ್ ತಲುಪಿ ಹೂ ಮಾರುವವಳ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ಸಂಜೆ ಬಳ್ಳಾರಿಯ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಯಶೋಧರಾ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಜಿನೀವಾದ ನೇರ ಪ್ರಸಾರ ನೋಡುತ್ತಿದ್ದಳು. ಪರದೆಗಳ ಮುಂದೆ ಕೂತ ಜನ, ಅರ್ಥವಾಗದ ಗೆರೆಗಳು. ಎಂಟೂಕಾಲು ದಾಟಿತು. ಏನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಬೆಳಿಗ್ಗೆ ತಾನೇ ಅದನ್ನು ಒಂದು ಮಗುವಿಗೆ ಆಣೆ ಇಟ್ಟಂತೆ ಹೇಳಿ ಬಂದಿದ್ದಳು. ಆದರೂ ಎಡಗೈ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಪರದೆಯ ಮೇಲೆ ಜನ ಎದ್ದು ಚಪ್ಪಾಳೆ ತಟ್ಟಿದರು. ಒಳಗಿನಿಂದ ರೊಟ್ಟಿಯ ಸದ್ದು ನಿಂತಿತು.

"ಏನಾತವಾ?" ಎಂದು ಕೇಳಿದಳು ಸುಂಕಲಮ್ಮ.

"ಏನೂ ಆಗಲಿಲ್ಲವ್ವಾ," ಎಂದಳು. ಹೇಳಿದ ಮೇಲೆ ಅಳು ಬಂತು. ಏನೂ ಆಗದ ಈ ರಾತ್ರಿಯಲ್ಲಿ ಸಿರಿಗೇರಿಯ ಒಂದು ಮನೆಯಲ್ಲಿ ಯಾರೂ ಯಾರ ಕೂಡವೂ ಮಾತಾಡುತ್ತಿರಲಿಕ್ಕಿಲ್ಲ. ಹುಡುಗಿಯನ್ನು ನಾಳೆಯಿಂದ ಕಾಲೇಜಿಗೆ ಕಳಿಸುತ್ತಾರೆಂದು ಯಾರು ಹೇಳಿದರು? ತನ್ನ ಕೆಲಸ ಮುಗಿಯಿತೆಂದು ತಾನು ಬಸ್ಸು ಹತ್ತಿ ಬಂದಿದ್ದಳು. ಮತ್ತೆ ಅರ್ಧ.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಸಿರಿಗೇರಿ ಕ್ರಾಸಿನಲ್ಲಿ ಇಳಿದು, ಆಟೋದಲ್ಲಿ ಊರೊಳಗೆ ಹೋದಳು. ಏಳು ಗಂಟೆಗೆ ಅವರ ಬಾಗಿಲ ಮುಂದೆ ನಿಂತಳು. ಎದುರು ಮನೆಯವರು ಹಲ್ಲುಜ್ಜುತ್ತ ನೋಡಿದರು. ರಾಮಪ್ಪ ಬಾಗಿಲು ತೆಗೆದ, ಅವಳನ್ನು ಕಂಡ, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬಾಗಿಲನ್ನು ಹಾಗೇ ತೆರೆದಿಟ್ಟು ಒಳಗೆ ಹೋದ. ಚನ್ನಬಸಮ್ಮನ ದನಿ ಏರಿತು, ಪಾತ್ರೆಯೊಂದು ಉರುಳಿತು, ಮತ್ತೆ ಬಹಳ ಹೊತ್ತು ಸದ್ದಿಲ್ಲ. ಯಶೋಧರಾ ಕದಲಲಿಲ್ಲ. ಎಂಟಕ್ಕೆ ಸ್ವಲ್ಪ ಇರುವಾಗ ಅಕ್ಷತಾ ಬಂದಳು. ಕಣ್ಣು ಬಾತಿದ್ದವು, ಕೂದಲು ಸರಿಯಾಗಿ ಬಾಚಿರಲಿಲ್ಲ, ಭುಜಕ್ಕೆ ಚೀಲವಿತ್ತು. ಇವಳನ್ನು ದಾಟಿ ಮುಂದೆ ನಡೆದಳು.

ಕ್ರಾಸಿನವರೆಗೆ ಆಟೋ ಸಿಗಲಿಲ್ಲ. ಭತ್ತದ ಸಸಿಮಡಿಗಳ ನಡುವೆ ಅವಳು ಹತ್ತು ಹೆಜ್ಜೆ ಮುಂದೆ, ಇವಳು ಹಿಂದೆ ನಡೆದರು. ಕ್ರಾಸಿನಲ್ಲಿ ನಿಂತ ಮೇಲೆ ಹುಡುಗಿ ರಸ್ತೆಯ ಕಡೆಗೇ ನೋಡುತ್ತ ಹೇಳಿದಳು.

"ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತ್ರಿ."

"ಇರ್ಲಿ," ಎಂದಳು ಯಶೋಧರಾ.

ದೂರದಲ್ಲಿ ಸಿರುಗುಪ್ಪದ ಬಸ್ಸು ಧೂಳೆಬ್ಬಿಸುತ್ತ ಬರುತ್ತಿತ್ತು. ಅಕ್ಷತಾ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದಳು.